ಸೊಂಟದ ಮೇಲೊಂದು ಎರವಲು ಕೂಸು

ಮಕ್ಕಳು ಸದ್ಯಕ್ಕೆ ಬೇಡ ಎಂದು ಡಾಕ್ಟರಿಗೆ ಹೇಳಲು ಮಗುವನ್ನು ಎತ್ತಿಕೊಂಡು ಹೋದವರನ್ನು ನೀವು ಕಂಡಿದ್ದೀರಾ? ಹೋದ ವಾರ ನಾನು ಕಂಡೆ. ಕಂಡಿದ್ದೇನು, ಜೊತೆಗೇ ಹೋಗಿದ್ದೆ!

ಸವಿತಾ ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎ. ಮುಗಿದದ್ದೇ ತಡ, ಸಿಂಧಘಟ್ಟಕ್ಕೆ ಮದುವೆ ಮಾಡಿ ಕಳಿಸಿದರು. ಈಗ ಮೈಸೂರಿನಲ್ಲಿ ಬಿ.ಎಡ್. ಸೀಟು ಸಿಕ್ಕಿದೆ. ಅದು ಮುಗಿಯುವ ತನಕ ಬಸುರಾಗಬಾರದು ಎಂಬುದೊಂದೇ ಅವಳ ಆಸೆ. ಬಸುರಾದರೆ ಓದು ಅಲ್ಲಿಗೆ ಮುಗಿದಂತೆ. ಹೊಟ್ಟೆ ಹೊತ್ತ ಸೊಸೆಯನ್ನು ಯಾವ ಅತ್ತೆ ಮೈಸೂರು ಬಸ್ಸು ಹತ್ತಿಸುತ್ತಾಳೆ?

ಎಸ್‌ಟಿಡಿ ಬೂತಿನಿಂದ ಸ್ಕೂಲಿಗೆ ಫೋನ್ ಮಾಡಿದ್ದಳು. ‘ಕಾಪರ್-ಟಿ ಹಾಕಿಸ್ಕಬೇಕು ಮಿಸ್. ಒಬ್ಳೇ ಹೋಗಕ್ಕೆ ಭಯ.’ (ನಮ್ಮ ಕಡೆ ಅದಕ್ಕೆ ವಂಕಿ ಎನ್ನುತ್ತಾರೆ.) ಸರಿ, ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಬಸ್ಸಿನಿಂದ ಇಳಿದಳು. ಸೊಂಟದ ಮೇಲೊಂದು ಗುಂಡುಗುಂಡನೆಯ ಗಂಡುಕೂಸು!

‘ಇದ್ಯಾರದೇ?’

‘ನಮ್ ನಾದ್ನಿ ಮಗ ಮಿಸ್. ಕೆಮ್ಮು ತೋರಿಸ್ಕಂಡ್ ಬತ್ತೀನಿ ಅಂತ ಎತ್ಕಂಡ್ ಬಂದೆ. ಮಕ್ಳಿಲ್ದೋರ್ಗೆ ಅದ ಹಾಕಕ್ಕಿಲ್ವಂತೆ. ಇವ್ನ ನಂದೇ ಅಂದ್ಬುಡ್ತೀನಿ.’

ಮನೆಗೆ ಹೇಳಿದ ನೆಪವೂ ಅದೇ ಕೂಸು, ಆಸ್ಪತ್ರೆಗೆ ಒಯ್ಯುವ ಸಾಕ್ಷಿಯೂ ಅದೇ ಕೂಸು. ನಗು ಬಂತು. ಡಾಕ್ಟರ ಹತ್ತಿರ ಸುಳ್ಳು ಹೇಳಬೇಡ ಕಣೇ, ಮಾತ್ರೆ ತಗೋಬಾರದಾ ಅಂದೆ.

‘ಎಲ್ ಮಡಗ್ಲಿ ಮಿಸ್? ನನ್ ಟ್ರಂಕ ಮನೇರೆಲ್ಲ ತಗೀತಾರೆ.’

ಗಂಡ ಏನಾದರೂ ಮಾಡಬಹುದಲ್ಲ?

‘ಅವ್ರು ಒಳ್ಳೇರೇಯ. ಅಂಗ್ಡೀಲಿ ಕೇಳಕ್ಕೆ ನಾಚ್ಕತಾರೆ.’ (ದಿನಾ ಬೆಳಗ್ಗೆ ಊರಿಗೆ ಊರೇ ನೋಡುತ್ತಿರುವಾಗ ಡೇರಿಯಲ್ಲಿ ಹಾಲು ಅಳೆಯುವ ಗಂಡಸು!)

ಯಾವ ಆಸ್ಪತ್ರೆ ಎಂದು ಕೇಳಬೇಡಿ, ಹೇಳುವುದಿಲ್ಲ. ಸಿಸ್ಟರ್ ‘ಎಷ್ಟು ಮಕ್ಕಳು?’ ಅಂದರು. ‘ಇವನೊಬ್ಬ’ ಅಂದಳು ಸವಿತಾ. ಮುಖದಲ್ಲಿ ಅಳುಕೇ ಇಲ್ಲ. ಎಲ್ಲವೂ ಸಲೀಸಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಕೂಸಿಗೆ ಹಸಿವಾಯಿತು. ಸೂರು ಕಿತ್ತುಹೋಗುವಂತೆ ಅಳತೊಡಗಿತು.

‘ಅಯ್ಯೋ ಪಾಪ, ಅಲ್ಲಿ ಮೂಲೇಲಿ ಕೂತ್ಕಂಡು ಹಾಲು ಕುಡಿಸವ್ವ’ ಎಂದರು ಸಿಸ್ಟರ್.

ಸವಿತಾ ಮೂಲೆಗೆ ಹೋದಳು. ಗೋಡೆಯ ಕಡೆ ತಿರುಗಿ ಸೆರಗು ಹೊದ್ದು ಕೂತಳು. ಕೂಸಿನ ಅಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೂ ಅಳತೊಡಗಿದಳು. ಕೂಸು ಅವಳದಲ್ಲ ಎಂದು ಸಿಸ್ಟರ್‌ಗೆ ಗೊತ್ತಾಗಿಹೋಯಿತು.

ಡಾಕ್ಟರು ಒಳಗೆ ಕರೆದರು. ಕೆಟ್ಟವರೇನಲ್ಲ. ‘ಹಾಕಲೇಬಾರದು ಅಂತೇನಿಲ್ಲಮ್ಮ. ಹೆರಿಗೆ ಆಗದವರಿಗೆ ನೋವು ಜಾಸ್ತಿ, ಜಾರಿ ಬೀಳೋದೂ ಉಂಟು. ಸೋಂಕು ಇದೆಯಾ ಅಂತ ಮೊದಲು ನೋಡ್ಬೇಕು’ ಎಂದರು.

‘ನೋಡಿ ಮೇಡಂ. ನೋವ ತಡ್ಕತೀನಿ.’

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ‘ನಾಳೆ ಯಾವ ಕಾರಣಕ್ಕೋ ಮಗು ತಡವಾದ್ರೆ ನಿಮ್ಮೋರೆಲ್ಲ ಬಂದು ನನ್ನ ಬಾಗಿಲಲ್ಲಿ ನಿಲ್ತಾರೆ. ಮೊದಲು ಒಂದಾಗ್ಲಿ. ಇಲ್ಲಾ, ನಿಮ್ಮತ್ತೇನ ಕರ್ಕೊಂಡು ಬಾ.’

ನನಗೆ ಸಿಟ್ಟು ಬಂತು. ಆದರೆ ಅವರ ಭಯ ಸುಳ್ಳು ಎನ್ನಲೂ ಬಾಯಿ ಬರಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೇ ‘ಏನಾದ್ರೂ ವಿಶೇಷವಾ?’ ಎಂದು ಶುರುಮಾಡುವ ಊರು ನಮ್ಮದು. ಆರಕ್ಕೆ ಹರಕೆ, ವರ್ಷಕ್ಕೆ ಗುಸುಗುಸು. ಇದರ ನಡುವೆ ‘ಈಗ ಬೇಡ’ ಎನ್ನುವುದಕ್ಕೆ ಜಾಗವೆಲ್ಲಿದೆ?

ಎರಡು ಹೆತ್ತವಳ ಮನೆಗೆ ಸಿಸ್ಟರ್‌ಗಳು ಚಪ್ಪಲಿ ಸವೆಸಿ ಹೋಗುತ್ತಾರೆ, ಸಾಕುಮಾಡವ್ವ ಎಂದು. ಒಂದೂ ಹೆರದವಳು ತಾನಾಗಿ ಬಂದರೆ ಅತ್ತೆಯನ್ನು ಕರೆತರಬೇಕು! ಮಕ್ಕಳ ನಡುವೆ ಅಂತರವಿರಲಿ ಎಂದು ಊರ ಗೋಡೆಗಳ ಮೇಲೆಲ್ಲ ಬರೆಸುತ್ತೇವಲ್ಲ, ಮದುವೆಗೂ ಮೊದಲ ಮಗುವಿಗೂ ನಡುವಿನದು ಅಂತರವಲ್ಲವೇ? ಅಪಾಯವಿದ್ದರೆ ಅದನ್ನು ಅವಳಿಗೆ ಹೇಳಲಿ. ತೂಗಿ ನೋಡುವಷ್ಟು ಬುದ್ಧಿ ಅವಳಿಗಿದೆ.

ಬಸ್ಸು ಹೊರಡುವವರೆಗೆ ಅವಳ ಪಕ್ಕ ಕೂತಿದ್ದೆ. ಬಿಸ್ಕತ್ತು ಚೀಪುತ್ತಾ ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅತ್ತೆಯನ್ನು ಕೇಳುತ್ತೀಯಾ ಅಂದೆ.

‘ಕೇಳುದ್ರೆ ಸೀಟು ಇವತ್ತೇ ಹೋಯ್ತದೆ ಮಿಸ್. ಕೇಳ್ದಿದ್ರೆ ಯಾವತ್ತು ಹೋದದೋ ಗೊತ್ತಿಲ್ಲ.’

 ಈ ಅಂಕಣ ಬರೆಯುವಾಗಲೂ ಆ ಮಾತೇ ಕಿವಿಯಲ್ಲಿದೆ.

ಮುಂದಿನ ಸೀಟಿನ ಅಜ್ಜಿಯೊಬ್ಬಳು ಹಿಂದಕ್ಕೆ ತಿರುಗಿದಳು. ಮಲಗಿದ್ದ ಕೂಸಿನ ಕೆನ್ನೆ ಸವರಿ ನೆಟಿಕೆ ಮುರಿದಳು. ‘ಒಬ್ನೇಯಾ ಮಗಾ? ಇನ್ನೊಂದು ಯಾವಾಗವ್ವ?’

ಸವಿತಾ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: ‘ನನ್ನೊಬ್ಳನ್ನ ಬುಟ್ಟು ಇನ್ಯಾರ್ನಾದ್ರೂ ಕೇಳಜ್ಜಿ.’