ಗಂಟಲ ಮೇಲೆ ಕತ್ತಿ ಇದ್ದಾಗ ಚೌಕಾಸಿ

ಗೆಳತಿಯರೇ, ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ. ನಮ್ಮ ಯಜಮಾನರಿಗೆ ಹಳೇ ಕಾಲದ ಮಡಚುವ ಕ್ಷೌರದ ಕತ್ತಿಯ ಹುಚ್ಚು. ಶಿವಮೊಗ್ಗದಲ್ಲಿ ಸರಿಯಾದ ಬೆಲೆಗೆ ಸಿಗಲಿಲ್ಲವೆಂದು ಇವತ್ತು ಭದ್ರಾವತಿಯ ಒಂದು ಹಳೇ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯ ಮುದುಕ ಒಂದು ಕತ್ತಿಗೆ ಎರಡು ಸಾವಿರ ಅಂದ.

"ಕಬ್ಬಿಣದ ಊರಲ್ಲಿ ಕೂತು ತುಕ್ಕು ಮಾರ್ತೀರಾ? ಐನೂರು ಕೊಡ್ತೀನಿ," ಅಂದೆ.

"ತುಕ್ಕಾ? ಕೂತ್ಕೊಳ್ಳಿ ಸಾರ್," ಎಂದವನೇ ಇವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದಕ್ಕೆ ನೀರು ಹಚ್ಚಿ, ಕತ್ತಿಯನ್ನು ಗಂಟಲಿಗೇ ಇಟ್ಟ. ಆತನ ಕೈ ನಡುಗುವುದು ನನಗೆ ಕಂಡಿದ್ದು ಆಗ. ಇವರು ಕಣ್ಣು ಮುಚ್ಚಿ ಸುಖವಾಗಿ ಕೂತಿದ್ದರು.

ಕತ್ತಿ ಎತ್ತದೆಯೇ ಮುದುಕ ನನ್ನ ಕಡೆ ತಿರುಗಿದ. "ಈಗ ಹೇಳಿ ಅಮ್ಮ, ಎಷ್ಟು ಕೊಡ್ತೀರಾ?"

"ಎರಡು ಸಾವಿರ. ಮೊದ್ಲು ಕೈ ತೆಗೀರಿ."

ಬಸ್ಸಿನಲ್ಲಿ ಬರುವಾಗ ಇವರದ್ದು ಒಂದೇ ಮಾತು: "ಇನ್ನೊಂದು ನಿಮಿಷ ಸುಮ್ನಿದ್ದಿದ್ರೆ ಸಾವಿರಕ್ಕೆ ಇಳೀತಿದ್ದ ಮಾರಾಯ್ತಿ."

ನಾಳೆ ಬೆಳಿಗ್ಗೆ ಅದರಲ್ಲೇ ಗಡ್ಡ ತೆಗೆದುಕೊಳ್ಳುತ್ತಾರಂತೆ. ಕತ್ತಿ ಬೀರುವಿನಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ನಮ್ಮ ಬೀದಿಯ ಕ್ಷೌರದಂಗಡಿ ಒಂಬತ್ತು ಗಂಟೆಗೆ ಬಾಗಿಲು ತೆಗೆಯುತ್ತದೆ.