ಓನರಮ್ಮ ಬಿಟ್ಟುಕೊಟ್ಟ ಅಟ್ಟ

ಮೊನ್ನೆ ತುರುವೇಕೆರೆ ಬಸ್ಸಿನಲ್ಲಿ ಪಕ್ಕದವರ ಕೈಚೀಲದಿಂದ ಕಮಟು ಕೊಬ್ಬರಿಯ ವಾಸನೆ ಬಂತು. ಹಿಂದಿನ ಸೀಟಿನವರು ಮೂಗು ಮುಚ್ಚಿಕೊಂಡು ಕಿಟಕಿ ತೆಗೆದರು. ನನಗೆ ಓನರಮ್ಮ ನೆನಪಾದರು. ಇಳಿಯಬೇಕಾದ ಸ್ಟಾಪು ದಾಟಿಯೇ ಹೋಯಿತು…

ತಿಪಟೂರಿನ ಹಳೇ ಪೇಟೆಯಲ್ಲಿ ಅವರದ್ದು ಉದ್ದನೆಯ ಹೆಂಚಿನ ಮನೆ. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮುಂದಿನ ಭಾಗದಲ್ಲಿ ಅವರು, ಹಿಂದೆ ಸಾಲಾಗಿ ಮೂರು ಬಾಡಿಗೆ ಸಂಸಾರ: ಟೈಲರ್, ಆಟೋದವನು, ಹೂ ಮಾರುವ ಹೂವಮ್ಮ. ಸೂರು ಸೋರುತ್ತಿತ್ತು. ಎಲ್ಲಾ ಕೆಡವಿ ಕಾಂಪ್ಲೆಕ್ಸ್ ಕಟ್ಟೋಣ ಎಂದು ಮಗ ಹಟ ಹಿಡಿದಿದ್ದ. ಕಾಂಪ್ಲೆಕ್ಸ್ ಎದ್ದರೆ ಆ ಮೂರು ಸಂಸಾರ ಊರಾಚೆ ಬಾಡಿಗೆ ಮನೆ ಹುಡುಕಬೇಕಿತ್ತು.

ಆಗತಾನೇ ಆರ್ಕಿಟೆಕ್ಚರ್ ಮುಗಿಸಿದ್ದ ನನ್ನ ಆಫೀಸೆಂದರೆ ಗೆಳೆಯನ ಜೆರಾಕ್ಸ್ ಅಂಗಡಿಯ ಮೂಲೆಯ ಒಂದು ಸ್ಟೂಲು. ಓನರಮ್ಮ ಅಲ್ಲಿಗೇ ಬಂದರು. ಸ್ಟೂಲು ಬಿಟ್ಟುಕೊಟ್ಟರೂ ಕೂರಲಿಲ್ಲ. ಅವರು ಕೂತಿದ್ದನ್ನು ನಾನು ಯಾವತ್ತೂ ನೋಡಿಲ್ಲ.

“ಮನೆ ರಿಪೇರಿ ಆಗ್ಬೇಕು. ಗೋಡೆ ಒಡೀಬಾರ್ದು, ಯಾರೂ ಮನೆ ಖಾಲಿ ಮಾಡ್ಬಾರ್ದು, ಬಾಡಿಗೆ ಏರುಸ್ಬಾರ್ದು. ಆಯ್ತದೇನಪ್ಪ?”

“ಆಯ್ತದೆ ಕಣಮ್ಮ,” ಎಂದೆ. ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಬೇರೆ ಗಿರಾಕಿಯೂ ಇರಲಿಲ್ಲ.

ದಪ್ಪ ಮಣ್ಣಿನ ಗೋಡೆ ತಂಪಾಗಿತ್ತು, ಹಾಗೇ ಉಳಿಸಿದೆ. ಹಳೇ ಹೆಂಚನ್ನೇ ತೊಳೆದು ಮತ್ತೆ ಹೊದಿಸಿ, ಬೆಳಕಿಗೆ ನಡುನಡುವೆ ಗಾಜಿನ ಹೆಂಚು ಇಟ್ಟೆ. ನನ್ನ ಮಹಾಪ್ರತಿಭೆಯೆಲ್ಲ ಸುರಿದದ್ದು ಅಟ್ಟದ ಮೇಲೆ. ಹಿಂದೆ ಕಾಯಿ ಒಣಗಿ ಕೊಬ್ಬರಿಯಾಗುತ್ತಿದ್ದ ಅಟ್ಟವನ್ನು ಪ್ರತಿ ಮನೆಗೂ ಮಲಗುವ ಕೋಣೆ ಮಾಡಿದೆ. ಮಕ್ಕಳಿಗೆ ಓದಲು ಕಿಟಕಿ ಬೇರೆ. ಅಟ್ಟದ ಎತ್ತರ ಎಷ್ಟು ಸಾಕೆಂದು ಓನರಮ್ಮನಿಗೆ ವಿವರಿಸುತ್ತಾ ಎದ್ದು ನಿಂತವನು ತೊಲೆಗೆ ಹಣೆ ಗುದ್ದಿಕೊಂಡೆ.

“ಅಳತೆನೂ ನಿಂದೇ, ತಲೆನೂ ನಿಂದೇ. ಯಾರ್ನ ಬೈಯಾಣ?” ಎಂದರು.

ಟೈಲರ್ ಮನೆ, ಆಟೋದವನ ಮನೆ ಮುಗಿದವು. ಹೆಮ್ಮೆ ತಡೆಯಲಾಗದೆ ಕಾಲೇಜಿನ ಮೇಷ್ಟ್ರನ್ನು ಕರೆತಂದೆ. ಟೈಲರ್ ಮನೆಯ ಏಣಿ ಹತ್ತಿ ನೋಡಿದರೆ ಸೂರಿನವರೆಗೂ ತೆಂಗಿನಕಾಯಿ. ಹೆಣ್ಣುಮಕ್ಕಳಿಬ್ಬರೂ ಮೊದಲಿನಂತೆ ಕೆಳಗೆ ಹೊಲಿಗೆ ಮಿಷನ್ನಿನ ಪಕ್ಕ ಮುದುಡಿಕೊಂಡು ಓದುತ್ತಿದ್ದರು.

“ದಂಡಿನಶಿವರದಿಂದ ನಮ್ಮಪ್ಪ ಕಳ್ಸಿದ್ರು ಕಣಣ್ಣ,” ಎಂದಳು ಟೈಲರ್ ಹೆಂಡತಿ. “ಅಟ್ಟ ಅಂದ್ಮೇಲೆ ಖಾಲಿ ಬುಡಕ್ಕಾಯ್ತದಾ?”

ಆಟೋದವನ ಅಟ್ಟವೂ ತುಂಬಿತ್ತು. ತೆಂಗಿನ ಸೀಮೆಯಲ್ಲಿ ಅಟ್ಟ ಕೊಟ್ಟು ಕಾಯಿ ಹಾಕಬೇಡಿ ಎನ್ನುವವನು, ಬಾವಿ ತೋಡಿ ನೀರು ಸೇದಬೇಡಿ ಎನ್ನುವವನಷ್ಟೇ ಜಾಣ. ಮೇಷ್ಟ್ರು ಕೆಮ್ಮುತ್ತಾ ಹೊರಗೆ ಹೋದರು.

ಓನರಮ್ಮ ಯಾರನ್ನೂ ಬೈಯಲಿಲ್ಲ. ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಆಮೇಲೆ ಒಳಗಿಂದ ಬೀಗದಕೈ ತಂದರು. ಅವರ ಭಾಗದ ಅಟ್ಟದ್ದು ಅದು. ಗಂಡ ಹೋದ ಮೇಲೆ ಆ ಅಟ್ಟವನ್ನು ಗುಡಿಸಲೂ ಯಾರನ್ನೂ ಬಿಟ್ಟಿರಲಿಲ್ಲ.

“ಎಲ್ಲಾರ ಕಾಯೂ ಇಲ್ಲೇ ಹಾಕ್ರಿ. ಮಕ್ಳು ಅಲ್ಲಿ ಮಲೀಕೊಳ್ಳಿ.”

ಮೊದಲ ಚೀಲ ಮೇಲಕ್ಕೆ ಹೋಗುವಾಗ ಅವರು ಆ ಕಡೆ ನೋಡಲಿಲ್ಲ. ಬೀದಿಗೆ ಮುಖ ಮಾಡಿ, ಸೆರಗಿನ ತುದಿ ತಿರುಚುತ್ತಾ ನಿಂತಿದ್ದರು…

ಅಂದಿನಿಂದ ಅವರಿಗೆ ಒಂದೇ ಅವಸರ. “ಜಲ್ದಿ ಹೂವಮ್ಮನ್ದೂ ಮುಗ್ಸಪ್ಪ. ನಾನಿರೋಗಂಟ ಮಗ ಸುಮ್ಕಿರ್ತಾನೆ.” ನಾನೋ, ಅವಳ ಅಟ್ಟಕ್ಕೆ ಹತ್ತುವ ಮೆಟ್ಟಿಲನ್ನೇ ಬರೆದು ಅಳಿಸಿ, ಅಳಿಸಿ ಬರೆದು ಕೂತಿದ್ದೆ. ಹೋದ ಕಾರ್ತೀಕದಲ್ಲಿ, ಹೂವಮ್ಮನ ಮನೆಯ ಹೆಂಚು ಇಳಿಸಿದ್ದ ವಾರ, ಓನರಮ್ಮ ಹೋಗಿಬಿಟ್ಟರು.

ಮಗ ಕೆಲಸ ನಿಲ್ಲಿಸಿದ. “ಮುಂದಿನ ಮಳೆಗಾಲ ಕಳೀಲಿ, ನೋಡಾಣ,” ಎಂದ. ಹೆಂಚಿನ ಬದಲು ಹೊದಿಸಿದ್ದ ಟಾರ್ಪಾಲಿನ ಕೆಳಗೆ ಮಳೆಗಾಲ ಕಳೆಯಲಾಗದೆ ಹೂವಮ್ಮ ತಾನಾಗೇ ಎದ್ದುಹೋಗುತ್ತಾಳೆ, ಅವಳ ಹಿಂದೆಯೇ ಉಳಿದಿಬ್ಬರೂ ಹೋಗುತ್ತಾರೆ. ಅದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಮೊನ್ನೆ ಬಸ್ಸಿನಿಂದ ಇಳಿದ ಮೇಲೂ ಸಮಾಧಾನವಾಗಲಿಲ್ಲ. ಹಾಗಾಗಿ ಈ ಭಾನುವಾರ ಮಗನನ್ನು ಕೇಳದೆ ಟೈಲರ್, ಆಟೋದವನು, ನಾನು ಸೂರು ಹತ್ತಿದೆವು. ಹೂವಮ್ಮ ಕೆಳಗಿಂದ ಒಂದೊಂದೇ ಹೆಂಚು ಕೊಟ್ಟಳು. ಮುಂದಿನ ವರ್ಷ ಈ ಮನೆ ಇರುತ್ತದೋ ಇಲ್ಲವೋ ತಿಳಿಯದು. ಈ ಮಳೆಗಂತೂ ಅವಳು ಎಲ್ಲಿಗೂ ಹೋಗುವುದಿಲ್ಲ.

ಕೊನೆಯ ಸಾಲು ಹೊದಿಸುವಾಗ ನನ್ನ ಕಾಲ ಕೆಳಗೆ ಹೆಂಚು ಲಟಕ್ಕೆಂದಿತು. ತಟ್ಟನೆ ಅಂಗಳದತ್ತ ನೋಡಿದೆ. ಬೈಯಲು ಅಲ್ಲಿ ಯಾರೂ ನಿಂತಿರಲಿಲ್ಲ.