ಗಾಡಿಯ ಎದುರು ನಿಲ್ಲುತ್ತಿದ್ದ ಪಿಳ್ಳಪ್ಪ

ಹಲಸೂರಿನ ಮೆಕ್ಯಾನಿಕ್ ಪಿಳ್ಳಪ್ಪ ಕಳೆದ ಭಾನುವಾರ ಬೆಳಗಿನ ಜಾವ ತೀರಿಕೊಂಡ. ನಿದ್ದೆಯಲ್ಲೇ ಎದೆಬಡಿತ ನಿಂತಿತಂತೆ. ಅರವತ್ತೊಂದು ವರ್ಷ.

ಎಂಬತ್ತೊಂದರಲ್ಲಿ ಕೊಂಡ ನನ್ನ ಫಿಯೆಟ್ ಇಪ್ಪತ್ತು ವರ್ಷ ಅವನ ಕೈಯಲ್ಲೇ ಇತ್ತು. ಮನೆಯಲ್ಲಿ ತೆಲುಗು, ನನ್ನ ಜೊತೆ ಕನ್ನಡ, ತುಕ್ಕು ಹಿಡಿದ ನಟ್ಟು ಬಯ್ಯಲು ಉರ್ದು. ಕೆರೆಯ ಹಿಂದಿನ ಅವನ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಬ್ರೇಕಿನ ಭಾಗ ಬದಲಿಸಿದ ಮೇಲೆ ಪೈಪಿಗೆ ಸೇರಿದ ಗಾಳಿ ತೆಗೆಯುವಾಗ ಪೆಡಲ್ ಒತ್ತಲು ಗಾಡಿ ಓಡಿಸುವವರೇ ಕೂರಬೇಕು. ಕೊನೆಗೆ ಅವನು ಗಾಡಿಯ ಎದುರು ಹತ್ತು ಹೆಜ್ಜೆ ದೂರ ನಿಂತು, “ಬನ್ನಿ, ನನ್ನ ಹತ್ರ ಬಂದು ನಿಲ್ಸಿ” ಎನ್ನುತ್ತಿದ್ದ. ಕಣ್ಣು ಮಾತ್ರ ಚಕ್ರದ ಮೇಲೆ. ಕಾಲು ಪಕ್ಕಕ್ಕೆ ಹಾರಲು ಸಿದ್ಧ.

ಹೋದ ತಿಂಗಳು ನನ್ನ ಹೆಂಡತಿ ರೇವತಿ ಗಾಡಿ ಕಲಿಯುವಾಗ ಬ್ರೇಕ್ ಹಿಡಿಯದೆ ಎಳನೀರಿನ ತಳ್ಳುಗಾಡಿಗೆ ಗುದ್ದಿದಳು. ಯಾರಿಗೂ ಏಟಾಗಲಿಲ್ಲ. ಆದರೆ ಸ್ಟೀರಿಂಗ್ ಇನ್ನು ಮುಟ್ಟುವುದಿಲ್ಲ ಎಂದುಬಿಟ್ಟಳು. ಅವನು ತೀರಿಕೊಳ್ಳುವ ಹಿಂದಿನ ದಿನ, ಶನಿವಾರ ಸಂಜೆ, ರೇವತಿಯೂ ನನ್ನ ಜೊತೆ ಶೆಡ್ಡಿಗೆ ಬಂದಿದ್ದಳು. ಪಿಳ್ಳಪ್ಪ ಚಕ್ರಗಳಿಗೆ ಹೊಸ ಬ್ರೇಕ್ ಸಿಲಿಂಡರ್ ಹಾಕಿ, ಸೀಟಿನಲ್ಲಿ ಕೂತಿದ್ದ ನನ್ನನ್ನು ಎಬ್ಬಿಸಿದ.

“ನೀವು ಇಳೀರಿ ಮೇಷ್ಟ್ರೇ. ತಾಯಿ ಕೂತ್ಕೊಳ್ಲಿ.”

“ನಾನು ಓಡ್ಸಲ್ಲ ಪಿಳ್ಳಪ್ಪ,” ಎಂದಳು ರೇವತಿ.

“ಓಡ್ಸಿ ಅಂದ್ನಾ? ಸುಮ್ನೆ ಒತ್ತಿ.”

ಅವನು ಗಾಡಿಯಡಿ ಮಲಗಿದ. ಅವಳು ಪೆಡಲ್ ಒತ್ತಿ ಹಿಡಿದಾಗ ಅವನು ಚಕ್ರದ ಹಿಂದಿನ ಸ್ಕ್ರೂ ಸಡಿಲಿಸುವನು. ಟ್ಯೂಬಿನಿಂದ ಬಾಟಲಿಯ ಎಣ್ಣೆಗೆ ಗುಳ್ಳೆಗಳು ಬರುವವು. ಸ್ಕ್ರೂ ಬಿಗಿದು “ಬಿಡಿ” ಎಂದ ಮೇಲಷ್ಟೇ ಅವಳು ಕಾಲೆತ್ತಬೇಕು. ನಾಲ್ಕನೆಯ ಚಕ್ರದ ಹೊತ್ತಿಗೆ ರಸ್ತೆಯಲ್ಲೊಂದು ಬಸ್ಸು ಹಾರನ್ ಹೊಡೆಯಿತು. ರೇವತಿ ಬೆಚ್ಚಿ ಕಾಲೆತ್ತಿದಳು. ಗಾಳಿ ಮತ್ತೆ ಒಳಸೇರಿತು.

“ನೋಡಿದ್ರಾ? ನನ್ನ ಕೈಲಿ ಆಗಲ್ಲ.”

“ಮೇಷ್ಟ್ರು ಮೊದಲ್ನೇ ದಿನ ಐದು ಸಲ ಎತ್ತಿದ್ರು,” ಗಾಡಿಯಡಿಯಿಂದ ದನಿ ಬಂತು. “ಮನೇಲಿ ಹೇಳಿಲ್ವಾ?”

ಆ ಒಂದು ಚಕ್ರ ಮತ್ತೆ ಮಾಡಿದ್ದರೆ ಸಾಕಿತ್ತು. ಅವನು ಮೊದಲಿನಿಂದ ನಾಲ್ಕನ್ನೂ ಮಾಡಿಸಿದ. ಈ ಸಲ ಅವಳ ಕಾಲು ಅಲುಗಲಿಲ್ಲ. ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು.

ಪಿಳ್ಳಪ್ಪ ಕೈ ಒರೆಸಿಕೊಂಡು ಗಾಡಿಯ ಎದುರು ಹೋಗಿ ನಿಂತ. “ಬನ್ನಿ ತಾಯಿ.”

ರೇವತಿ ನನ್ನ ಮುಖ ನೋಡಿದಳು. ಆಗ ಅವನು, ಇಷ್ಟು ವರ್ಷದಲ್ಲಿ ಯಾರಿಗೂ ಮಾಡದಿದ್ದದ್ದನ್ನು ಮಾಡಿದ: ಗಾಡಿಗೆ ಬೆನ್ನು ತಿರುಗಿಸಿ, ಜೇಬಿನಿಂದ ಬೀಡಿ ತೆಗೆದ.

ಅವಳು ಗೇರ್ ಹಾಕಿದಳು. ಗಾಡಿ ಮೆಲ್ಲಗೆ ಸಾಗಿ ಅವನಿಂದ ಎರಡು ಹೆಜ್ಜೆ ಹಿಂದೆ ನಿಂತಿತು.

ಪಿಳ್ಳಪ್ಪ ತಿರುಗಿ ನೋಡಲಿಲ್ಲ. ಬೀಡಿ ಹಚ್ಚಿಕೊಂಡ.